ಎಳೆ ಜೋಳದ ವಿಷ, ಬಲಿತ ಕಬ್ಬಿನ ಸಕ್ಕರೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿ ಹೋಬಳಿ ಮಹಾರಾಷ್ಟ್ರದ ಗಡಿಗೆ ಹತ್ತಿರದ ಸೀಮೆ. ಎರೆಹೊಲ, ತೊಗರಿ, ಜೋಳ, ನೀರಿದ್ದಲ್ಲಿ ಕಬ್ಬು. ಜೋಳ ಬೆಳೆಯುವ ಊರುಗಳಲ್ಲೆಲ್ಲ ದನ ಕಾಯುವವರಿಗೆ ಒಂದು ಎಚ್ಚರಿಕೆ ಇರುತ್ತದೆ: ಮಳೆ ಕೈಕೊಟ್ಟು ಬಾಡಿ ನಿಂತ ಎಳೆ ಜೋಳಕ್ಕೆ, ಕೊಯ್ದ ಮೇಲೆ ಕೂಳೆಯಿಂದ ಒಡೆದ ಚಿಗುರಿಗೆ ದನ ಬಿಡಬಾರದು. ಹಸಿದ ಎತ್ತು ಅದನ್ನು ಹೊಟ್ಟೆತುಂಬ ಮೇಯ್ದರೆ ಏದುಸಿರು ಬಿಡುತ್ತ, ತತ್ತರಿಸುತ್ತ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೆ ಬೀಳಬಹುದು. ಅದೇ ಜೋಳ ಬಲಿತು, ಒಣಗಿ, ಕಣಿಕೆಯಾಗಿ ಬಣವೆ ಸೇರಿದರೆ ಬೇಸಿಗೆಯುದ್ದಕ್ಕೂ ದನಗಳನ್ನು ಸಾಕುತ್ತದೆ.

ಈ ವಿಷದ ಮೂಲವನ್ನು 1902ರಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞರಾದ ಡನ್‌ಸ್ಟನ್ ಮತ್ತು ಹೆನ್ರಿ ಈಜಿಪ್ಟಿನ ಎಳೆ ಜೋಳದಿಂದ ಬೇರ್ಪಡಿಸಿದರು. ಅದರ ಹೆಸರು ಧುರಿನ್. ಅದು ಒಡೆದರೆ ಸಯನೈಡ್ ಹೊರಬರುತ್ತದೆ. ಸಯನೈಡ್ ರಕ್ತದಲ್ಲಿರುವ ಆಮ್ಲಜನಕವನ್ನು ಜೀವಕೋಶಗಳು ಬಳಸದಂತೆ ಮಾಡುತ್ತದೆ. ಅದಕ್ಕೇ ಸಾಯುತ್ತಿರುವ ದನದ ರಕ್ತ ಕೆಂಪಗೆ ಹೊಳೆಯುತ್ತಿರುತ್ತದೆ. ಆಮ್ಲಜನಕ ತುಂಬಿದೆ, ಉಪಯೋಗಕ್ಕೆ ಮಾತ್ರ ಬರುತ್ತಿಲ್ಲ.

ಹಾಗಾದರೆ ಜೋಳದ ಗಿಡವೇ ತನ್ನ ವಿಷಕ್ಕೆ ಏಕೆ ಬಲಿಯಾಗುವುದಿಲ್ಲ? ಇದಕ್ಕೆ ಉತ್ತರ ಸಿಗಲು ಮುಕ್ಕಾಲು ಶತಮಾನ ಹಿಡಿಯಿತು. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಎರಿಕ್ ಕಾನ್ ಮತ್ತು ಸಂಗಡಿಗರು ಜೋಳದ ಎಲೆಯ ಪದರಗಳನ್ನು ಬಿಡಿಸಿ ಪರೀಕ್ಷಿಸಿದರು. ಧುರಿನ್ ಇದ್ದದ್ದು ಎಲೆಯ ಹೊರಪದರದ ಜೀವಕೋಶಗಳಲ್ಲಿ, ಅದೂ ರಸದಾನಿ ಎಂಬ ಚೀಲದೊಳಗೆ. ಅದನ್ನು ಒಡೆಯುವ ಕಿಣ್ವ ಇದ್ದದ್ದು ಒಳಪದರದ ಬೇರೆ ಜೀವಕೋಶಗಳಲ್ಲಿ. ಎಲೆ ನೆಟ್ಟಗಿರುವವರೆಗೆ ಎರಡೂ ಭೇಟಿಯಾಗುವುದಿಲ್ಲ. ದನ ಅಗಿದು ಅರೆದಾಗ ಗೋಡೆಗಳು ಒಡೆದು ಎರಡೂ ಬೆರೆಯುತ್ತವೆ. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಧುರಿನ್ ಅನ್ನು ಒಡೆಯುವುದರಿಂದ ಮೆಲುಕು ಹಾಕುವ ಪ್ರಾಣಿಗಳಿಗೆ ಅಪಾಯ ಇನ್ನೂ ಹೆಚ್ಚು.

ಬಲಿತ ಸಸ್ಯಕೋಶದ ಶೇ 80–90ರಷ್ಟು ಜಾಗವನ್ನು ಈ ಒಂದು ರಸದಾನಿಯೇ ಹಿಡಿದಿರುತ್ತದೆ. ಕೋಶಕೇಂದ್ರ, ಪತ್ರಹರಿತಿನ ಕಣಗಳು, ಉಳಿದ ಸಂಸಾರವೆಲ್ಲ ಅಂಚಿಗೆ ಒತ್ತರಿಸಿಕೊಂಡು ಬದುಕುತ್ತವೆ. ಚೀಲದ ಸುತ್ತ ಟೊನೊಪ್ಲಾಸ್ಟ್ ಎಂಬ ತೆಳುಪೊರೆ. ಆ ಪೊರೆಯಲ್ಲಿರುವ ಪ್ರೋಟೀನ್ ಪಂಪುಗಳು ಹೈಡ್ರೋಜನ್ ಅಯಾನುಗಳನ್ನು ಒಳಕ್ಕೆ ತಳ್ಳುತ್ತಲೇ ಇರುತ್ತವೆ. ಹೀಗಾಗಿ ಒಳಗಿನ ರಸ ಹುಳಿ. ಪುಂಡಿಪಲ್ಯೆಯ ಹುಳಿ, ಬೀಟ್‌ರೂಟಿನ ಕೆಂಪು, ಕೆಸುವಿನೆಲೆ ತುರಿಕೆ ತರಿಸುವ ಸೂಜಿಹರಳು, ಎಲ್ಲವೂ ಇಲ್ಲೇ ಸಂಗ್ರಹ. ಉಳ್ಳಾಗಡ್ಡಿಯದು ಜೋಳಕ್ಕೆ ತಿರುಗಾಮುರುಗಾ ಲೆಕ್ಕ: ಅಲ್ಲಿ ಕಿಣ್ವವೇ ರಸದಾನಿಯಲ್ಲಿ, ಗಂಧಕದ ಸಂಯುಕ್ತ ಹೊರಗೆ. ಚಾಕು ಚೀಲವನ್ನು ಸೀಳಿದ ಮೇಲೆಯೇ ಕಣ್ಣೀರು.

ಪ್ರಾಣಿಗೆ ಇಷ್ಟು ದೊಡ್ಡ ಚೀಲದ ಅಗತ್ಯ ಬೀಳಲಿಲ್ಲ. ಅದಕ್ಕೆ ಹೊಟ್ಟೆಯಿದೆ, ಮೂತ್ರಪಿಂಡವಿದೆ, ನೆಟ್ಟಗೆ ನಿಲ್ಲಿಸಲು ಎಲುಬಿದೆ, ಶತ್ರು ಬಂದರೆ ಓಡಲು ಕಾಲಿದೆ. ಆದ್ದರಿಂದ ಪ್ರಾಣಿಕೋಶದಲ್ಲಿ ಕಾಣುವುದು ಬೇಕಾದಾಗ ಹುಟ್ಟಿ ಕೆಲಸ ಮುಗಿದೊಡನೆ ಕರಗುವ ಸಣ್ಣ ಚೀಲಗಳು. ಬಿಳಿ ರಕ್ತಕಣ ಒಂದು ಬ್ಯಾಕ್ಟೀರಿಯವನ್ನು ನುಂಗಿದಾಗ ಅದರ ಸುತ್ತ ಅಂಥದೊಂದು ಚೀಲ ಕಟ್ಟುತ್ತದೆ. 1955ರಲ್ಲಿ ಕ್ರಿಶ್ಚಿಯನ್ ಡಿ ಡುವ್ ಗುರುತಿಸಿದ ಲೈಸೋಸೋಮ್ ಅದಕ್ಕೆ ಜೀರ್ಣರಸ ಸುರಿಯುತ್ತದೆ. ಕೆರೆನೀರಿನ ಏಕಕೋಶಜೀವಿ ಪ್ಯಾರಮೀಸಿಯಂ ತನ್ನೊಳಗೆ ನುಗ್ಗುವ ನೀರನ್ನು ಹಿಗ್ಗಿ ಕುಗ್ಗುವ ರಸದಾನಿಯಿಂದ ಹೊರಚೆಲ್ಲದಿದ್ದರೆ ಉಬ್ಬಿ ಒಡೆದುಹೋಗುತ್ತದೆ. ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಅರಗಿಸಿಕೊಳ್ಳುವ ಗುಟ್ಟನ್ನು ಜಪಾನಿನ ಯೊಶಿನೊರಿ ಒಸುಮಿ ಬಿಡಿಸಿದ್ದು ಯೀಸ್ಟಿನ ರಸದಾನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ. 2016ರ ನೊಬೆಲ್ ಅದಕ್ಕೇ ಬಂತು.

ಹೊಲಕ್ಕೆ ಮರಳೋಣ. ಆಳಂದದ ಭೂಸನೂರಿನಲ್ಲಿ, ಅಫಜಲಪುರದ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅಲ್ಲಿ ನುರಿಯುವುದೆಂದರೆ, ನಿಜಕ್ಕೂ, ಕಬ್ಬಿನ ರಸದಾನಿಗಳನ್ನು ಒಡೆಯುವುದೇ. ಎಲೆಯಲ್ಲಿ ತಯಾರಾದ ಸುಕ್ರೋಸ್ ದಂಟಿಗಿಳಿದು ಅಲ್ಲಿನ ಮೆತ್ತನೆಯ ಕೋಶಗಳ ಚೀಲಗಳಲ್ಲಿ ಶೇಖರವಾಗುತ್ತದೆ. ಅದೇ ಚೀಲದಲ್ಲಿ ಇನ್ವರ್ಟೇಸ್ ಎಂಬ ಕಿಣ್ವವೂ ಇದೆ. ಎಳೆ ಕಬ್ಬಿನಲ್ಲಿ ಅದರ ಚಟುವಟಿಕೆ ಜೋರು. ಕಬ್ಬು ಬಲಿತಂತೆ ತಗ್ಗುತ್ತದೆ. ಕಟಾವಾದ ಕಬ್ಬು ಬಿಸಿಲಲ್ಲಿ ಟ್ರ್ಯಾಕ್ಟರಿನ ಸಾಲಿನಲ್ಲಿ ಕಾಯುತ್ತ ನಿಂತರೆ ಈ ಕಿಣ್ವ ಮತ್ತೆ ಚುರುಕಾಗಿ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಸೀಳುತ್ತದೆ. ನಾಲಿಗೆಗೆ ಸಿಹಿ ಉಳಿದಿರುತ್ತದೆ, ಆದರೆ ಹರಳುಗಟ್ಟುವ ಸಕ್ಕರೆ ಕಡಿಮೆಯಾಗುತ್ತದೆ. ಒಣಗಿ ತೂಕ ಇಳಿಯುವುದು ರೈತನಿಗೆ ಕಾಣುವ ನಷ್ಟ. ಇದು ಕಾಣದ ನಷ್ಟ.

2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಪ್ರೋಟೀನ್ ಕೂಡ ಕಾಳಿನ ಕೋಶಗಳ ಪುಟ್ಟ ರಸದಾನಿಗಳಲ್ಲೇ ತುಂಬಿರುತ್ತದೆ. ಕಾಳು ಮೊಳೆತಾಗ ಅವು ಒಂದಕ್ಕೊಂದು ಕೂಡಿಕೊಂಡು, ದಾಸ್ತಾನನ್ನು ಕರಗಿಸಿ ಮೊಳಕೆಗೆ ಉಣಿಸುತ್ತವೆ.

ತೊಗರಿ ಗಿಡವನ್ನು ನೆಟ್ಟಗೆ ನಿಲ್ಲಿಸುವುದರಲ್ಲಿಯೂ ರಸದಾನಿಯ ಪಾಲಿದೆ. ರಸದಲ್ಲಿ ಲವಣ, ಸಕ್ಕರೆ ಹೆಚ್ಚಿದ್ದಷ್ಟೂ ನೀರು ಒಳಕ್ಕೆ ಬಂದು ಚೀಲ ಕೋಶಭಿತ್ತಿಯನ್ನು ಒತ್ತುತ್ತದೆ. ಈ ಒತ್ತಡ ಕಾರಿನ ಟೈರಿನ ಗಾಳಿಯ ಒತ್ತಡಕ್ಕಿಂತ ಎರಡು ಮೂರು ಪಟ್ಟು ಇರಬಲ್ಲದು. ಎಲೆ, ಎಳೆಯ ಕುಡಿ ನೆಟ್ಟಗಿರುವುದು ಅದರ ಬಲದಿಂದ. ನೀರು ಬರುವುದು ನಿಂತರೆ ಚೀಲ ಕುಗ್ಗುತ್ತದೆ, ಎಲೆ ಜೋಲುತ್ತದೆ.

ನೆಟೆ ರೋಗದಲ್ಲಿ ಆಗುವುದು ಇದೇ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರಿಗೆ ಈ ರೋಗ ಭಾರೀ ಪೆಟ್ಟು ಕೊಟ್ಟಿತು. ಬೇರಿನಿಂದ ಒಳಹೊಕ್ಕ ಫ್ಯುಸೇರಿಯಂ ಶಿಲೀಂಧ್ರ ನೀರಿನ ಕೊಳವೆಗಳನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಎಲೆಯ ರಸದಾನಿಗೆ ಹನಿ ತಲುಪುವುದಿಲ್ಲ. ಕೊಳವೆ ಕಟ್ಟಿದ ಗಿಡಕ್ಕೆ ನೀರು ಹಾಯಿಸಿ ಫಲವಿಲ್ಲ. ಮಾಡಬೇಕಾದ್ದೆಲ್ಲ ಬಿತ್ತನೆಗೆ ಮೊದಲೇ. ರೋಗ ತಾಳುವ ತಳಿ ಆರಿಸಬೇಕು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’ ಅಂಥ ಮೊದಲ ತಳಿಗಳಲ್ಲೊಂದು. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಬೇಕು. ವರ್ಷ ವರ್ಷವೂ ಅದೇ ಹೊಲಕ್ಕೆ ತೊಗರಿ ಹಾಕುವುದನ್ನು ಬಿಡಬೇಕು. ಜೋಳದೊಂದಿಗೆ ಬೆರೆಸಿ ಬಿತ್ತಿದಾಗ, ಇಲ್ಲವೇ ನಡುವೆ ಒಂದು ವರ್ಷ ಜೋಳ ಬೆಳೆದಾಗ ನೆಟೆ ತಗ್ಗುತ್ತದೆಂದು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳು 1980ರ ದಶಕದಲ್ಲೇ ತೋರಿಸಿವೆ.