ಗೊಬ್ಬರದ ಚೀಲವೂ ಚಿಮಣಿಯ ಬೆಂಕಿಯೂ

ಕೆ. ಹೊಸಕೋಟೆ, ಆಲೂರು ಕಡೆಯ ಮನೆಗಳಲ್ಲಿ ಗೊಬ್ಬರದ ಖಾಲಿ ಚೀಲವನ್ನು ಯಾರೂ ಬಿಸಾಡುವುದಿಲ್ಲ. ಶುಂಠಿ ತುಂಬುವುದಕ್ಕೆ, ಮಳೆಗಾಲದಲ್ಲಿ ಸೌದೆ ಮುಚ್ಚುವುದಕ್ಕೆ ಅದೇ ಬೇಕು. ಆ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದ್ದು. ಘಾಟಿ ಇಳಿದರೆ ಅದನ್ನು ತಯಾರಿಸುವ ಕಾರ್ಖಾನೆಯೇ ಇದೆ, ಮಂಗಳೂರಿನ ಎಂ.ಆರ್.ಪಿ.ಎಲ್. 2015ರಲ್ಲಿ ಶುರುವಾದ ಅಲ್ಲಿನ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್.

ಈ ಪ್ಲಾಸ್ಟಿಕ್ ಮೊದಲು ಗ್ಯಾಸ್ ಆಗಿತ್ತು ಅಂದರೆ ಮನೆಯವರು ನಂಬುವುದಿಲ್ಲ. ಪ್ರೊಪಿಲೀನ್ ನಮ್ಮ ಅಡುಗೆ ಗ್ಯಾಸಿನ ಹತ್ತಿರದ ಸಂಬಂಧಿ. ರಿಯಾಕ್ಟರಿನ ಒತ್ತಡದಲ್ಲಿ ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಿಳಿ ಹುಡಿಯಾಗುತ್ತವೆ. ಆದರೆ ಎಲ್ಲ ಕಣಗಳೂ ಕೊಂಡಿ ಹಾಕಿಕೊಳ್ಳುವುದಿಲ್ಲ. ಉಳಿದ ಗ್ಯಾಸ್ ಹುಡಿಯ ಜೊತೆಗೇ ಹೊರಗೆ ಬರುತ್ತದೆ. ಹೆಚ್ಚಿನದ್ದನ್ನು ಅಲ್ಲೇ ಬೇರೆ ಮಾಡಿ ಮತ್ತೆ ಒಳಗೆ ಕಳಿಸುತ್ತಾರೆ, ಅದು ಸುಲಭ. ಕಷ್ಟ ಇರುವುದು ಹುಡಿಯೊಳಗೆ ಸಿಕ್ಕಿಕೊಂಡ ಗ್ಯಾಸಿನಲ್ಲಿ. ಹಾಗೇ ಬಿಟ್ಟರೆ ಮುಂದೆ ಬೆಂಕಿಯ ಭಯ. ಅದಕ್ಕೇ ನೈಟ್ರೋಜನ್ ಹಾಯಿಸಿ ಊದಿ ತೆಗೆಯುತ್ತಾರೆ.

ಈಗ ನೈಟ್ರೋಜನ್, ಪ್ರೊಪಿಲೀನ್ ಎರಡೂ ಬೆರೆತುಹೋದವು. ಇಂಥ ಕಾರ್ಖಾನೆಗಳಲ್ಲಿ ಹಿಂದಿನಿಂದ ಇದ್ದ ದಾರಿ ಎತ್ತರದ ಚಿಮಣಿಗೆ ಬಿಟ್ಟು ಸುಡುವುದು. ಸುಟ್ಟರೆ ಕಾಸು ಕೊಟ್ಟ ಮಾಲು ಹೋಯಿತು, ಇಂಗಾಲದ ಡೈಆಕ್ಸೈಡ್ ಬಂತು. ಸುಡದೆ ಸೋರಿದರೆ ಇನ್ನೂ ಕೆಟ್ಟದ್ದು: ಬಿಸಿಲಲ್ಲಿ ವಾಹನದ ಹೊಗೆಯ ಜೊತೆ ಸೇರಿ ನೆಲಮಟ್ಟದ ಓಝೋನ್ ಆಗುತ್ತದೆ, ಉಬ್ಬಸ ಇರುವವರಿಗೆ ಅದು ಆಗದು. ಜೋಕಟ್ಟೆ, ಕಳವಾರು ಕಡೆ ಕಾರ್ಖಾನೆಯ ಪಕ್ಕದಲ್ಲೇ ಬದುಕುವವರಿಗೆ ಇದು ಬರೀ ವಿಜ್ಞಾನದ ಪಾಠವಲ್ಲ.

ಬೇರೆ ಮಾಡುವುದು ಹೇಗೆ? ಒತ್ತಿ, ತಣ್ಣಗೆ ಮಾಡಬೇಕು. ಪ್ರೊಪಿಲೀನ್ ಕುದಿಯುವುದು ಮೈನಸ್ 48 ಡಿಗ್ರಿಯಲ್ಲಿ, ನೈಟ್ರೋಜನ್ ಮೈನಸ್ 196ರಲ್ಲಿ. ಹಾಗಾಗಿ ಪ್ರೊಪಿಲೀನ್ ಮೊದಲು ದ್ರವವಾಗಿ ಕೆಳಗೆ ನಿಲ್ಲುತ್ತದೆ, ಅನ್ನ ಬಸಿದ ಹಾಗೆ. ಆದರೂ ಸ್ವಲ್ಪ ಉಳಿಯುತ್ತದೆ. ಅದಕ್ಕೆ ಸಿಲಿಕೋನ್ ರಬ್ಬರಿನ ತೆಳು ಪೊರೆ. ಕೆಲವು ಕುಕ್ಕರುಗಳ ಬಿಳಿ ಗ್ಯಾಸ್ಕೆಟ್ ಇದೇ ಜಾತಿಯದ್ದು. ತಮಾಷೆ ಎಂದರೆ, ಜರಡಿಯಲ್ಲಿ ಸಣ್ಣದು ದಾಟಿ ದೊಡ್ಡದು ಉಳಿಯುತ್ತದೆ, ಇಲ್ಲಿ ತಿರುಗಾಮುರುಗಾ. ದೊಡ್ಡ ಕಣದ ಪ್ರೊಪಿಲೀನ್ ರಬ್ಬರಿನಲ್ಲಿ ಕರಗಿ ಬೇಗ ಆಚೆ ಹೋಗುತ್ತದೆ, ಸಣ್ಣ ನೈಟ್ರೋಜನ್ ಹೆಚ್ಚಾಗಿ ಈಚೆಗೇ ಉಳಿಯುತ್ತದೆ. ಅದನ್ನು ಮತ್ತೆ ಹುಡಿ ಊದಲಿಕ್ಕೇ ಬಳಸಬಹುದು. ನೆದರ್ಲೆಂಡ್ಸಿನ ಖೆಲೀನ್ ಊರಿನ ಕಾರ್ಖಾನೆಯಲ್ಲಿ 1996ರಲ್ಲಿ ಇಂಥ ಪೊರೆ ಕೆಲಸಕ್ಕೆ ನಿಂತಿತು. ಜುಬೈಲಿನಂಥ ಕಡೆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿರುವ ನಮ್ಮ ಹುಡುಗರನ್ನು ಕೇಳಿ, 'ವೆಂಟ್ ರಿಕವರಿ' ಅಂದರೆ ಅವರಿಗೆ ತಿಳಿದೀತು.

ನೂರಕ್ಕೆ ನೂರು ಮಾತ್ರ ಮರಳುವುದಿಲ್ಲ. ಪ್ರೊಪಿಲೀನ್ ಜೊತೆ ಬರುವ ಪ್ರೊಪೇನ್ ಎಂದೂ ಪ್ಲಾಸ್ಟಿಕ್ ಆಗದು, ಸುತ್ತು ಸುತ್ತಿದಷ್ಟೂ ಶೇಖರವಾಗುತ್ತದೆ. ಅದನ್ನು ಆಗಾಗ ಹೊರಗೆ ತೆಗೆಯಲೇಬೇಕು. ತೆಗೆದದ್ದನ್ನು ಕುಲುಮೆಗೆ ಉರುವಲಾಗಿ ಕೊಡುತ್ತಾರೋ, ಚಿಮಣಿಗೆ ಬಿಡುತ್ತಾರೋ ಎನ್ನುವುದು ಆಯಾ ಕಾರ್ಖಾನೆಯ ಮೇಲೆ ನಿಂತ ವಿಷಯ.