ಒಂದು ಪಾರ್ಟಿ, ಎರಡು ಹಾಸ್ಟೆಲ್ ಸೀಲ್‌ಡೌನ್

ಮುಧೋಳದಿಂದ ಧಾರವಾಡಕ್ಕ ಮಕ್ಕಳನ್ನ ಓದಾಕ ಕಳಸೀರೇನ್ರಿ? ಹಂಗಾದ್ರ ಇದನ್ನ ಕೇಳ್ರಿ.

2021ರ ನವೆಂಬರ್ 17. ಧಾರವಾಡದ ಸತ್ತೂರಿನ ಎಸ್‌ಡಿಎಂ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನ್ಯಾಗ ಫ್ರೆಷರ್ಸ್ ಪಾರ್ಟಿ. ಎಂಟು ದಿನಕ್ಕ, ಅಂದ್ರ 25ಕ್ಕ, 66 ಮಂದಿಗಿ ಕೊರೊನಾ ಪಾಸಿಟಿವ್. ಮರುದಿನ ಲೆಕ್ಕ 182. 27ಕ್ಕ 281!

ಭಾಳ ಮಂದಿ ಎರಡೂ ಡೋಸ್ ಹಾಕಿಸ್ಕೊಂಡವರ. ಹಂಗಂತ ಲಸಿಕಿ ದಂಡ ಆತು ಅನಬ್ಯಾಡ್ರಿ. ಹೆಚ್ಚಿನವರಿಗಿ ಲಕ್ಷಣಾನ ಇರಲಿಲ್ಲ, ಇದ್ದವರಿಗೂ ಸೌಮ್ಯ.

ಎರಡು ಹಾಸ್ಟೆಲ್ ಸೀಲ್‌ಡೌನ್. ಸೋಂಕಿತರಿಗಿ ಕ್ಯಾಂಪಸ್‌ನ್ಯಾಗ ಕ್ವಾರಂಟೈನ್, ಅಲ್ಲೇ ಚಿಕಿತ್ಸೆ. ಸುತ್ತ 500 ಮೀಟರ್ ಒಳಗಿನ ಶಾಲಿ-ಕಾಲೇಜಿಗೂ ರಜಾ. ಆದ್ರ ನನ್ನ ಕೇಳಿದ್ರ, ದೊಡ್ಡ ಕೆಲಸ ಅಂದ್ರ ಲಕ್ಷಣ ಇಲ್ಲದವರನ್ನೂ ಬಿಡದ ಟೆಸ್ಟ್ ಮಾಡಿದ್ದು. ಇಲ್ಲಾಂದ್ರ ಏನಾಗತಿತ್ತು? ಹುಡುಗರು ಬ್ಯಾಗ್ ಹೆಗಲಿಗೇರಿಸಿ ಊರ ಬಸ್ ಹತ್ತತಿದ್ರು. ಸೋಂಕು ಸೀದಾ ಅಜ್ಜ-ಅಮ್ಮನ ಕಟ್ಟಿಗಿ!

ಅದ ನವೆಂಬರ್ 26ಕ್ಕ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ಹೊಸ ತಳಿಗಿ ಓಮೈಕ್ರಾನ್ ಅಂತ ಹೆಸರು ಇಟ್ಟಿತ್ತು. ಇಲ್ಲಿ ಹಬ್ಬಿದ್ದು ಯಾವ ತಳಿ ಅಂತ ನೋಡಾಕ ಧಾರವಾಡದ ಸ್ಯಾಂಪಲ್ ಜಿನೋಮ್ ಪರೀಕ್ಷೆಗೂ ಹೋದುವು.

ಹುಡುಗರ, ಹಾಸ್ಟೆಲ್‌ನ್ಯಾಗ ಜ್ವರ ಬಂದ್ರ ಊರಿಗಿ ಓಡಿ ಬರಬ್ಯಾಡ್ರಿ. ಮೊದಲ ವಾರ್ಡನ್‌ಗ ಹೇಳ್ರಿ, ಟೆಸ್ಟ್ ಮಾಡಿಸ್ರಿ.