ಬೆಲೆ ಕೇಳಬೇಡಿ, ಹಾಡು ಕೇಳಿ

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಬೆಲೆ ಕೇಳುತ್ತೇವೆ, ಮನೆಗೆ ಬಂದು ಹಾಡು ಕೇಳುತ್ತೇವೆ. ಹೆಡ್‌ಫೋನ್ ವಿಷಯದಲ್ಲಿ ಈ ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಮೊದಲು ಬೆಲೆ ಕೇಳಿಸಿಕೊಂಡ ಕಿವಿ ಆಮೇಲೆ ಹಾಡನ್ನೂ ಬೇರೆ ಥರವೇ ಕೇಳುತ್ತದೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ಪ್ರಯೋಗ ಮಾಡಿ ನೋಡಿದವರಿದ್ದಾರೆ.

ಬೇಸಿಗೆ ರಜೆಯ ಕೆಲಸದಲ್ಲಿ ನಾಲ್ಕು ಕಾಸು ಕೈಗೆ ಬಂದ ಕೂಡಲೇ ನಿಮ್ಮಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು: ‘500 ಡಾಲರಿನ ಹೆಡ್‌ಫೋನು, ಎಲ್ಲರೂ ಹೊಗಳ್ತಾರೆ, ತಗೊಳ್ಳಲಾ?’ ಕಾಫಿ ಅಂಗಡಿಯಲ್ಲಿ ನಿಂತು ದುಡಿಯುವವರಿಗೆ ಅದು ನಾಲ್ಕೈದು ದಿನದ ಬೆವರು. ಆದ್ದರಿಂದ ‘ಎಲ್ಲರೂ’ ಅಂದರೆ ಯಾರು, ಅವರು ಹೇಗೆ ಕೇಳಿ ಹೊಗಳಿದರು ಅಂತ ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಫ್ಲಾಯ್ಡ್ ಟೂಲ್ ಅಂತ ಒಬ್ಬ ವಿಜ್ಞಾನಿ, ನಮ್ಮ ಕೆನಡಾದವರೇ. 1965ರಿಂದ 1991ರ ತನಕ ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದರು. ಸ್ಪೀಕರುಗಳ ಮುಂದೆ ಪರದೆ ಎಳೆದು, ಯಾವುದು ಯಾವ ಕಂಪನಿಯದು ಅಂತ ಗೊತ್ತಾಗದ ಹಾಗೆ ಮಾಡಿ, ಜನರಿಂದ ಅಂಕ ಹಾಕಿಸುವ ಪದ್ಧತಿಯನ್ನು ಅಲ್ಲಿ ಬೆಳೆಸಿದರು. ಆಮೇಲೆ ಕ್ಯಾಲಿಫೋರ್ನಿಯಾದ ಹರ್ಮನ್ ಕಂಪನಿ ಸೇರಿದರು. ಒಟ್ಟಾವಾದಲ್ಲೇ ಜೊತೆಗಿದ್ದ ಶಾನ್ ಆಲಿವ್ ಕೂಡ ಅಲ್ಲಿಗೆ ಹೋದರು. 1994ರಲ್ಲಿ ಇಬ್ಬರೂ ಸೇರಿ ಒಂದು ಪರೀಕ್ಷೆ ನಡೆಸಿದರು. ಕಂಪನಿಯ 40 ಉದ್ಯೋಗಿಗಳು, ನಾಲ್ಕು ಸ್ಪೀಕರುಗಳು. ಒಂದು ಸುತ್ತು ಪರದೆಯ ಹಿಂದೆ, ಇನ್ನೊಂದು ಸುತ್ತು ಕಣ್ಣೆದುರಿಗೆ. ಕಣ್ಣೆದುರಿಗಿದ್ದಾಗ ದೊಡ್ಡ, ಅಂದವಾದ ಪೆಟ್ಟಿಗೆಗಳಿಗೆ ಅಂಕ ಏರಿತು. ಚಿಕ್ಕದಾದ, ಅಗ್ಗದ ಒಂದು ಸೆಟ್ ಪರದೆಯ ಹಿಂದಿದ್ದಾಗ ದೊಡ್ಡವುಗಳ ಹತ್ತಿರ ಹತ್ತಿರ ಅಂಕ ತೆಗೆದಿತ್ತು. ಮುಖ ಕಂಡ ಮೇಲೆ ಕೆಳಗೆ ಬಿತ್ತು. ಅದೇ ಸ್ಪೀಕರ್, ಅದೇ ಕೋಣೆ, ಅದೇ ಕಿವಿ. ಅವರೆಲ್ಲ ಆಡಿಯೋ ಕಂಪನಿಯಲ್ಲೇ ಕೆಲಸ ಮಾಡುವವರು ಅನ್ನುವುದನ್ನು ಮರೆಯಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಪ್ರತ್ಯಕ್ಷ ಕಂಡಿದ್ದೇ ತೊಂದರೆ ಆಯಿತು!

ಹೆಡ್‌ಫೋನಿಗೆ ಪರದೆ ಕಟ್ಟುವುದು ಕಷ್ಟ. ತಲೆಯ ಮೇಲಿಟ್ಟ ಕೂಡಲೇ ತೂಕ, ದಿಂಬಿನ ಮೆತ್ತಗೆ ಎಲ್ಲ ಗುಟ್ಟು ಬಿಟ್ಟುಕೊಡುತ್ತವೆ. ಅದಕ್ಕೆ ಆಲಿವ್ ತಂಡ ಒಂದು ಉಪಾಯ ಮಾಡಿತು. ಎಲ್ಲರಿಗೂ ಒಂದೇ ಹೆಡ್‌ಫೋನ್ ತೊಡಿಸಿ, ಬೇರೆ ಬೇರೆ ಹೆಡ್‌ಫೋನುಗಳ ಧ್ವನಿಯ ಗುಣವನ್ನು ಕಂಪ್ಯೂಟರಿನಿಂದ ಅದರಲ್ಲೇ ಅನುಕರಿಸಿತು. ಇನ್ನು ಬೆಲೆಯ ಮಾತು. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆ ಹೋಲಿಸಿದರು. ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಅನ್ನುವ ಗುಣಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹಾಗಂತ ಹೆಚ್ಚಿನ ದುಡ್ಡಿಗೆ ಏನೂ ಸಿಗುವುದಿಲ್ಲ ಅಂತ ತಿಳಿಯಬೇಡಿ. ಹಗುರವಾದ ಪಟ್ಟಿ, ಬೆವರದ ದಿಂಬು, ಮುರಿದರೆ ಬದಲಿಸಬಹುದಾದ ಬಿಡಿಭಾಗ, ಹೊರಗಿನ ಗದ್ದಲ ತಡೆಯುವ ತಂತ್ರ, ಇವೆಲ್ಲ ನಿಜವಾದ ಸೌಲಭ್ಯಗಳೇ. ನಾದ ಮಾತ್ರ ಬೆಲೆಯ ಮೆಟ್ಟಿಲು ಹತ್ತಿಕೊಂಡು ಹೋಗುವುದಿಲ್ಲ.

ಅತಿಯಾಗಿ ಹೊಗಳಿಸಿಕೊಂಡ ಹೆಡ್‌ಫೋನ್ ಅಂದರೆ ಎಲ್ಲರೂ ಮೊದಲು ತೋರಿಸುವುದು ಬೀಟ್ಸ್ ಕಡೆಗೆ. 2008ರಲ್ಲಿ ಡಾಕ್ಟರ್ ಡ್ರೇ ಮತ್ತು ಜಿಮ್ಮಿ ಐಯೋವಿನ್ ಅದನ್ನು ಮಾರುಕಟ್ಟೆಗೆ ತಂದರು, 2014ರಲ್ಲಿ ಆ್ಯಪಲ್ 300 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮೊದಮೊದಲ ಮಾದರಿಗಳಲ್ಲಿ ಕೆಳಸ್ವರದ ಗುಮ್ಮು ಜಾಸ್ತಿ, ಹಾಡುವವರ ದನಿ ಅದರಡಿ ಮುಚ್ಚಿಹೋಗುತ್ತದೆ ಅಂತ ವಿಮರ್ಶಕರು ದೂರಿದರು. ದೂರು ನ್ಯಾಯವಾದದ್ದೇ. ಆದರೆ ಬೀಟ್ಸ್ ಕೊಂಡವರನ್ನು ನೋಡಿ ನಗುವವರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಆಡಿಯೋಫೈಲ್ ಅಂತ ಕರೆಸಿಕೊಳ್ಳುವ ಈ ನಾದಪ್ರಿಯರ ಲೋಕದಲ್ಲೂ ಮೋಹ ಕಮ್ಮಿಯೇನಿಲ್ಲ. ಅಲ್ಲಿ 50,000 ಯೂರೋ ದಾಟುವ ಸೆನ್‌ಹೈಸರ್ ಹೆಡ್‌ಫೋನ್ ಇದೆ. ಹೆಡ್‌ಫೋನಿಗಿಂತ ಹೆಚ್ಚಿನ ಬೆಲೆಯ ವೈರುಗಳೂ ಇವೆ. ಇನ್ನೊಂದು ಕಡೆ ಕಾಸ್ ಕಂಪನಿಯ ಪೋರ್ಟಾ ಪ್ರೋ ಅನ್ನುವ ಬಡಪಾಯಿ ಹೆಡ್‌ಫೋನ್ 1984ರಿಂದ ಹೆಚ್ಚುಕಮ್ಮಿ ಅದೇ ರೂಪದಲ್ಲಿ, ಒಂದು ಹೊತ್ತಿನ ಹೋಟೆಲ್ ಊಟದ ಬೆಲೆಗೆ ಮಾರಾಟವಾಗುತ್ತಲೇ ಇದೆ.

ಈ ನಾದಪ್ರಿಯರ ಭಾಷೆ ಹೊಸಬರನ್ನು ಹೆದರಿಸುತ್ತದೆ. ‘ಬೆಚ್ಚಗಿದೆ’, ‘ಹೊಳಪಾಗಿದೆ’, ‘ಮುಸುಕು ಹಾಕಿದ ಹಾಗಿದೆ’ ಅನ್ನುತ್ತಾರೆ. ಇದರಲ್ಲಿ ಮಂತ್ರವೇನೂ ಇಲ್ಲ. ನಮ್ಮ ಕಿವಿ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳ ವರೆಗಿನ ಸದ್ದನ್ನು. ಈ ಲೆಕ್ಕಕ್ಕೆ ಹರ್ಟ್ಸ್ ಅನ್ನುತ್ತೇವೆ. 100ರಿಂದ 300 ಹರ್ಟ್ಸ್ ಆಸುಪಾಸು ತುಸು ಹೆಚ್ಚಿದ್ದರೆ ದನಿ ಬೆಚ್ಚಗೆ, ಇನ್ನೂ ಹೆಚ್ಚಾದರೆ ಕೊಡದೊಳಗೆ ಮಾತಾಡಿದ ಹಾಗೆ. 5,000ದ ಮೇಲೆ ಹೆಚ್ಚಿದ್ದರೆ ಹೊಳಪು, ಅತಿಯಾದರೆ ಪ್ರತಿ ‘ಸ’ಕಾರವೂ ಸೂಜಿ. ಅಲ್ಲಿ ಕಡಿಮೆಯಾದರೆ ಮುಸುಕು. ಅಷ್ಟೇ.

ಹಾಗಾದರೆ ಎಲ್ಲ ಸ್ವರವನ್ನೂ ಸಮನಾಗಿ ನುಡಿಸುವ ಹೆಡ್‌ಫೋನೇ ಒಳ್ಳೆಯದಲ್ಲವೇ? ಇಲ್ಲಿ ಒಂದು ತಮಾಷೆ ಇದೆ. ನಿಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದು ತನ್ನದೇ ಸ್ವರ ಕೊಡುತ್ತದಲ್ಲ, ಹಾಗೆ ಈ ಕೊಳವೆಯೂ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸುತ್ತದೆ. ಹುಟ್ಟಿದಾಗಿನಿಂದ ನಾವು ಲೋಕವನ್ನು ಕೇಳಿರುವುದೇ ಹಾಗೆ. ಕಿವಿಯನ್ನು ಮುಚ್ಚುವ, ಇಲ್ಲವೇ ಒಳಗೇ ತೂರುವ ಹೆಡ್‌ಫೋನ್ ಈ ಸಹಜ ಏರ್ಪಾಡನ್ನು ಕೆಡಿಸುತ್ತದೆ. ಅದಕ್ಕೆ ಅದು ಆ ಉಬ್ಬನ್ನು ತಾನೇ ಸೇರಿಸಿ ಕೊಡಬೇಕು. ಎಷ್ಟು ಸೇರಿಸಬೇಕು ಅಂತ ಆಲಿವ್ ತಂಡ ನೂರಾರು ಜನರನ್ನು ಕೂರಿಸಿ ಕೇಳಿಸಿ ಒಂದು ರೇಖೆ ಎಳೆಯಿತು. ಅದಕ್ಕೆ ಹರ್ಮನ್ ರೇಖೆ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಸುಮಾರು 64% ಜನರಿಗೆ ಆ ರೇಖೆ ಹಿಡಿಸಿತು, 15% ಜನರಿಗೆ ಇನ್ನೂ ಗುಮ್ಮು ಬೇಕಿತ್ತು, 21% ಜನರಿಗೆ ಕಡಿಮೆ ಬೇಕಿತ್ತು. ಅಂದರೆ ಗುಮ್ಮು ಇಷ್ಟಪಡುವವರದ್ದು ಕೆಟ್ಟ ಅಭಿರುಚಿ ಅಂತ ತೀರ್ಪು ಕೊಡುವ ಹಾಗಿಲ್ಲ.

ಜೊತೆಗೆ ಒಬ್ಬೊಬ್ಬರ ಹೊರಕಿವಿಯ ಮಡಿಕೆ ಒಂದೊಂದು ಥರ. ಮೇಲುಸ್ವರಗಳು ವಿಮರ್ಶಕನಿಗೆ ಕೇಳಿಸಿದ ಹಾಗೇ ನಿಮಗೆ ಕೇಳಿಸಬೇಕಿಲ್ಲ. ಕನ್ನಡಕದ ಕಡ್ಡಿ, ದೊಡ್ಡ ಓಲೆ ಅಥವಾ ದಟ್ಟ ಕೂದಲು ದಿಂಬನ್ನು ಸ್ವಲ್ಪ ಎತ್ತಿ ಹಿಡಿದರೂ ಸಾಕು, ಆ ಸಂದಿಯಿಂದ ಕೆಳಸ್ವರವೆಲ್ಲ ಸೋರಿಹೋಗುತ್ತದೆ. ‘ಇದರಲ್ಲಿ ಬೇಸೇ ಇಲ್ಲ’ ಅಂತ ಹೆಡ್‌ಫೋನನ್ನು ಬೈಯುವ ಮೊದಲು ಒಂದು ಸಲ ಕನ್ನಡಕ ತೆಗೆದು ಕೇಳಿ.

ಈಗ ಎಲ್ಲಕ್ಕಿಂತ ದೊಡ್ಡ ಮೋಸಗಾರನ ವಿಷಯಕ್ಕೆ ಬರೋಣ. ಅದರ ಹೆಸರು ಜೋರು, ಅಂದರೆ ವಾಲ್ಯೂಮ್. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಜೋರು ಮಾಡಿದರೆ ಅವು ಎದ್ದು ಬರುತ್ತವೆ, ಹಾಡು ತುಂಬಿಕೊಂಡಂತೆ ಅನ್ನಿಸುತ್ತದೆ. ಎರಡು ಹೆಡ್‌ಫೋನುಗಳಲ್ಲಿ ಒಂದು ಒಂದೇ ಒಂದು ಡೆಸಿಬೆಲ್ ಜೋರಿದ್ದರೆ ನಾವು ‘ಇದು ಜೋರು’ ಅನ್ನುವುದಿಲ್ಲ, ‘ಇದು ಚೆನ್ನಾಗಿದೆ’ ಅನ್ನುತ್ತೇವೆ! ಅಂಗಡಿಯಲ್ಲಿ ಎರಡು ನಿಮಿಷ ಒಂದನ್ನು, ಎರಡು ನಿಮಿಷ ಇನ್ನೊಂದನ್ನು ಹಾಕಿಕೊಂಡು ಮಾಡಿದ ತೀರ್ಮಾನ ಬಹಳ ಸಲ ಇಷ್ಟೇ.

ಸರಿ, ನೀವೇ ಹೇಗೆ ಪರೀಕ್ಷೆ ಮಾಡುವುದು? ಮೊದಲು ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಒಬ್ಬರು ಮಾತಾಡುವ ಧ್ವನಿಮುದ್ರಣ ಹಾಕಿ, ಎರಡರಲ್ಲೂ ಅವರು ಅಷ್ಟೇ ದೂರದಲ್ಲಿ ಕೂತು ಮಾತಾಡಿದಂತೆ ಅನ್ನಿಸುವ ತನಕ ಸರಿಪಡಿಸಿ. ಕಣ್ಣು ಮುಚ್ಚಿಕೊಳ್ಳಿ, ಗೆಳತಿಯೋ ತಮ್ಮನೋ ತಲೆಗೆ ತೊಡಿಸಲಿ. ತೂಕದಿಂದ ಗುರುತು ಸಿಗಬಹುದು, ಆದರೂ ಬೆಲೆಯ ಚೀಟಿ ನೋಡುತ್ತಾ ಕೇಳುವುದಕ್ಕಿಂತ ಇದು ವಾಸಿ. ಆಮೇಲೆ ಚೆನ್ನಾಗಿ ಗೊತ್ತಿರುವ ಸಂಗೀತ ಹಾಕಿ. ಹರ್ಮನ್ ಪ್ರಯೋಗಗಳಲ್ಲಿ ಟ್ರೇಸಿ ಚಾಪ್‌ಮನ್ ಅವರ ‘ಫಾಸ್ಟ್ ಕಾರ್’ ಬಹಳ ಬಳಕೆಯಾಯಿತು. ದೋಷಗಳನ್ನು ಅದು ಬೇಗ ಬಯಲು ಮಾಡುತ್ತದಂತೆ.

ನಾನಾದರೆ ಮೊದಲು ತಂಬೂರಿ ಹಾಕುತ್ತೇನೆ. ಇದು ಊರ ಮೇಲಿನ ಅಭಿಮಾನದಿಂದ ಹೇಳಿದ್ದಲ್ಲ, ಭೌತಶಾಸ್ತ್ರದ ಕಾರಣ ಇದೆ. ತಂಬೂರಿಯ ತಂತಿ ಬಾಗಿದ ಕುದುರೆಯ ಮೇಲೆ ಮಲಗಿರುತ್ತದೆ, ನಡುವೆ ಒಂದು ಹತ್ತಿಯ ಎಳೆ. ಸಂಗೀತಗಾರರು ಅದನ್ನು ‘ಜೀವ’ ಅನ್ನುತ್ತಾರೆ. ತಂತಿ ಕಂಪಿಸುವಾಗ ಕುದುರೆಯನ್ನು ಮುಟ್ಟಿ ಮುಟ್ಟಿ ಬಿಡುತ್ತದೆ, ಮೂಲ ಸ್ವರದ ಮೇಲೆ ಎಷ್ಟೋ ಉಪಸ್ವರಗಳು ಏಳುತ್ತವೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಬರಬಾರದು ಅನ್ನುವ ಹಳೆಯ ನಿಯಮ ಪಶ್ಚಿಮದ ವಿಜ್ಞಾನದಲ್ಲಿತ್ತು. ತಂಬೂರಿ ಮತ್ತು ವೀಣೆ ಆ ನಿಯಮಕ್ಕೆ ಬಗ್ಗುವುದಿಲ್ಲ ಅಂತ 1921ರಲ್ಲಿ ಬರೆದವರು ಸಿ.ವಿ. ರಾಮನ್. ಆಗ ಅವರು ಕಲ್ಕತ್ತೆಯಲ್ಲಿದ್ದರು, ಬೆಂಗಳೂರಿಗೆ ಬಂದದ್ದು 1933ರಲ್ಲಿ. ಹೆಡ್‌ಫೋನಿನ ಮೇಲುಸ್ವರ ಏರುಪೇರಾಗಿದ್ದರೆ ತಂಬೂರಿಯ ಆ ನಯವಾದ ಅಲೆ ಒಂದು ಕಡೆ ಎಡವುತ್ತದೆ. ಎಲ್ಲೋ ಒಂದು ಉಪಸ್ವರ ಮಾತ್ರ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ, ಅಥವಾ ತಂಬೂರಿಗೆ ಕಂಬಳಿ ಹೊದಿಸಿದಂತಾಗುತ್ತದೆ.

ಆಮೇಲೆ ಮೃದಂಗ. ಬಲಭಾಗದ ಕಪ್ಪು ಕರಣೆಯಿಂದಾಗಿ ಅದರ ಉಪಸ್ವರಗಳು ಶ್ರುತಿಗೆ ಹೊಂದಿಕೊಳ್ಳುತ್ತವೆ. ಇದನ್ನೂ 1920ರಲ್ಲಿ ರಾಮನ್ ತಮ್ಮ ಸಹೋದ್ಯೋಗಿಯ ಜೊತೆ ಬರೆದಿದ್ದಾರೆ. ಎಡಭಾಗ ಕೆಳಸ್ವರದ್ದು. ಗುಮ್ಮು ಅತಿಯಾದ ಹೆಡ್‌ಫೋನಿನಲ್ಲಿ ತನಿ ಆವರ್ತನ ಕೇಳಿ, ವೇಗ ಹೆಚ್ಚಿದ ಹಾಗೆ ಎಡಗೈಯ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳದೆ ಒಂದೇ ಗುಡುಗಾಗುತ್ತವೆ. ಮನೆಯಲ್ಲಿ ಅಪ್ಪ ಅಮ್ಮ ಹಾಕುವ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಚಿತ್ರಗೀತೆಗಳಿಂದ ಮಾತ್ರ ಇಂಥ ಪರೀಕ್ಷೆ ಮಾಡಬೇಡಿ. ದನಿ ಜೇನು, ಒಪ್ಪುತ್ತೇನೆ. ಆದರೆ ಆ ಕಾಲದ ಮೊನೋ ಧ್ವನಿಮುದ್ರಣದಲ್ಲಿ ಇಲ್ಲದ್ದನ್ನು ಯಾವ ಹೆಡ್‌ಫೋನೂ ತಂದುಕೊಡಲಾರದು.

‘ಹೈ-ರೆಸ್’ ಫೈಲುಗಳಿಗೆ ತಿಂಗಳು ತಿಂಗಳು ಹೆಚ್ಚು ದುಡ್ಡು ಕೊಡಬೇಕೇ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬುವರು ಬಾಸ್ಟನ್ ಕಡೆಯ ಆಸಕ್ತರಿಗೆ ಸಿಡಿಗಿಂತ ಸೂಕ್ಷ್ಮವಾದ ಧ್ವನಿಮುದ್ರಣವನ್ನೂ, ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಗುರುತು ಹೇಳದೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ನೀವೂ ಮಾಡಿ ನೋಡಬಹುದು, ಗೆಳೆಯನೊಬ್ಬ ಹತ್ತು ಸಲ ಬದಲಿಸಿ ಕೇಳಿಸಲಿ. ಹತ್ತರಲ್ಲಿ ಆರು ಸರಿ ಬಂತು ಅಂತ ಕುಣಿಯಬೇಡಿ. ಎಂಟು ಅಥವಾ ಹೆಚ್ಚು ಬಂದರೆ ಮಾತಾಡೋಣ, ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ 5ರಿಂದ 6%.

ಇಷ್ಟೆಲ್ಲ ಪರೀಕ್ಷೆ ಮಾಡುವ ಯಂತ್ರ ಕಿವಿಯೇ ತಾನೇ. ಒಂದೊಂದು ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಸವೆಯುವುದು ಮೇಲುಸ್ವರದವು, ಅಂದರೆ ತಂಬೂರಿಯ ಹೊಳಪು, ‘ಸ’ ಮತ್ತು ‘ಶ’ ನಡುವಿನ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಹೆಚ್ಚಿಸಿದರೆ ಸಮಯ ಅರ್ಧಕ್ಕಿಳಿಸಬೇಕು, ಇನ್ನು ಮೂರು ಹೆಚ್ಚಿಸಿದರೆ ಅದರರ್ಧ. ನೀವು ವಾರದಲ್ಲಿ ಎಷ್ಟು ಜೋರಾಗಿ ಎಷ್ಟು ಹೊತ್ತು ಕೇಳಿದಿರಿ ಅಂತ ಈಗ ಎಷ್ಟೋ ಫೋನುಗಳು ತಾವೇ ಲೆಕ್ಕ ಇಡುತ್ತವೆ, ಒಮ್ಮೆ ತೆಗೆದು ನೋಡಿ.

ಜೋರು ಮಾಡುವ ಚಾಳಿ ಹತ್ತುವುದು ಹೆಚ್ಚಾಗಿ ರೈಲಿನಲ್ಲಿ, ಬಸ್ಸಿನಲ್ಲಿ. ಗದ್ದಲವನ್ನು ಮೀರಬೇಕಲ್ಲ. ದುಬಾರಿ ಹೆಡ್‌ಫೋನಿಗೆ ನಾನು ಒಪ್ಪುವ ಒಂದು ಕಾರಣ ಇದ್ದರೆ ಅದು ಇಲ್ಲಿದೆ, ಗದ್ದಲ ತಡೆಯುವ ತಂತ್ರ. ಹೊರಗಿನ ಸದ್ದನ್ನು ಪುಟ್ಟ ಮೈಕ್ ಕೇಳಿಸಿಕೊಂಡು ಅದರ ತಲೆಕೆಳಗಾದ ಅಲೆಯನ್ನು ಕಿವಿಗೆ ಬಿಡುತ್ತದೆ, ಎರಡೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ಇಂಥದ್ದು ಹೆಡ್‌ಫೋನಿಗೆ ಹೊಂದಬೇಕು ಅಂತ 1978ರಲ್ಲಿ ವಿಮಾನದಲ್ಲಿ ಕೂತು ಲೆಕ್ಕ ಹಾಕಿದವರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಬಂದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು, ನಿಮ್ಮ ಹಾಗೆಯೇ ಎರಡನೇ ತಲೆಮಾರು. ಈ ತಂತ್ರ ರೈಲಿನ ಗುಂಯ್ ಸದ್ದನ್ನು ಚೆನ್ನಾಗಿ ಅಳಿಸುತ್ತದೆ, ಪಕ್ಕದವರ ಹರಟೆಯನ್ನು ಅಷ್ಟಾಗಿ ಅಳಿಸುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ಕೇಳಿಕೊಂಡು, ನೀವು ದಿನಾ ಹೋಗುವ ಸಬ್‌ವೇಯಲ್ಲೇ ಹಾಕಿ ನೋಡಿ. ಫೋನಿನ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿದ್ದೂ ಹಾಡಿನ ಮಾತು ಸ್ಪಷ್ಟವಾಗಿ ಕೇಳಿದರೆ ಇಟ್ಟುಕೊಳ್ಳಿ.